ಕೇಳುವವಳ ಗಂಟು

ನಮ್ಮ ಊರಿನಲ್ಲಿ ಕೆರೆಯ ಕಡೆಯಿಂದ ಗಾಳಿ ಬೀಸಿದಾಗ ಜನ ತುರ್ಕಿ ಭಾಷೆ ಮಾತಾಡುತ್ತಾರೆ. ಗುಡ್ಡದ ಕಡೆಯಿಂದ ಬೀಸಿದಾಗ ಹ್ಮಾಂಗ್ ಭಾಷೆ. ಗಾಳಿ ನಿಂತಾಗ ಯಾರೂ ಏನೂ ಮಾತಾಡುವುದಿಲ್ಲ. ಬಟ್ಟೆ ಮಡಚುವುದು, ಅಕ್ಕಿ ಆರಿಸುವುದು, ಉಗುರು ಕತ್ತರಿಸಿಕೊಳ್ಳುವುದು ಮುಂತಾದ ಕೆಲಸಗಳನ್ನು ಆ ಹೊತ್ತಿಗೆಂದೇ ತೆಗೆದಿಟ್ಟಿರುತ್ತಾರೆ. ನನ್ನ ಗಂಡ ಗಾಳಿಯ ದಿಕ್ಕು ಬರೆದಿಡುವ ಕೆಲಸಕ್ಕೆ ಈ ಊರಿಗೆ ಬಂದವರು. ಅವರ ಹಿಂದೆ ಎರಡು ಟ್ರಂಕು, ಒಂದು ಬಿ.ಎ. ಪದವಿ ಹಿಡಿದುಕೊಂಡು ನಾನೂ ಬಂದೆ. ಅದಾಗಿ ನಲವತ್ತೆರಡು ವರ್ಷ. ಅವರು ತೀರಿಕೊಂಡು ಹದಿನಾರು ವರ್ಷವಾಯಿತು. ಅಂಗಳದಲ್ಲಿ ಅವರು ನೆಟ್ಟ ಕಂಬದ ಮೇಲೆ ತಗಡಿನ ಕೋಳಿ ಈಗಲೂ ತಿರುಗುತ್ತದೆ. ಗಾಳಿ ಯಾವ ಕಡೆಯದು ಎಂದು ತಿಳಿಯಲು ನನಗೆ ಆ ಕೋಳಿ ಬೇಕಿಲ್ಲ, ಬಾಯಿ ತೆರೆದರೆ ಸಾಕು. ಆದರೂ ದಿನಕ್ಕೆರಡು ಬಾರಿ ಅದನ್ನು ನೋಡುತ್ತೇನೆ.

ಮೊದಲ ಆರು ತಿಂಗಳು ನನಗೆ ಎರಡೂ ಬರಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಜ್ವರ ಬಂದ ಹಾಗೆ ತುರ್ಕಿ ಬಂತು. ಸಂಜೆ ಗಾಳಿ ತಿರುಗಿದಾಗ ಅದು ಇಳಿದುಹೋಗಿ ಹ್ಮಾಂಗ್ ಬಂತು. ಗಾಳಿ ಭಾಷೆಯನ್ನು ತರುತ್ತದೆ. ಅದನ್ನು ಚೆನ್ನಾಗಿ ಮಾತಾಡುವುದನ್ನು ತರುವುದಿಲ್ಲ, ಆ ಕಷ್ಟ ಅವರವರಿಗೆ ಬಿಟ್ಟದ್ದು. ಒಂದು ಬಂದಾಗ ಇನ್ನೊಂದು ಪೂರ್ತಿ ಹೋಗುತ್ತದೆ. ಏನು ಮಾತಾಡಿದೆವು ಎಂಬುದು ನೆನಪಿರುತ್ತದೆ, ಹೇಗೆ ಮಾತಾಡಿದೆವು ಎಂಬುದು ಇರುವುದಿಲ್ಲ. ಹಾಗಾಗಿ ಇಲ್ಲಿನ ಜಗಳಗಳು ಒಂದು ಗಾಳಿಯಲ್ಲಿ ಕುದಿದು ಇನ್ನೊಂದರಲ್ಲಿ ಆರಿಕೊಂಡಿರುತ್ತವೆ. ಕೆರೆಗಾಳಿಯಲ್ಲಿ ಮುಖ ತಿರುಗಿಸಿಕೊಂಡು ಓಡಾಡುವ ಅಣ್ಣತಮ್ಮಂದಿರು ಗುಡ್ಡದ ಗಾಳಿಯಲ್ಲಿ ಒಂದೇ ತಟ್ಟೆಯಲ್ಲಿ ಉಣ್ಣುವುದನ್ನು ನಾನು ನೋಡಿದ್ದೇನೆ.

ನನ್ನ ಕನ್ನಡ ಮಾತ್ರ ಯಾವ ಗಾಳಿಗೂ ಅಲ್ಲಾಡದೆ ಉಳಿಯಿತು. ಅದನ್ನು ಹೊತ್ತು ತಂದದ್ದು ಟ್ರಂಕು ತಾನೆ. ಇದರಿಂದ ಊರಿನಲ್ಲಿ ನನಗೊಂದು ಮರ್ಯಾದೆ ಹುಟ್ಟಿತು. ಕನ್ನಡಕವೂ ಇದ್ದುದರಿಂದ ಮೇಷ್ಟ್ರಮ್ಮ ಎಂದು ಕರೆಯತೊಡಗಿದರು. ನಾನು ಒಂದು ದಿನವೂ ಯಾರಿಗೂ ಪಾಠ ಹೇಳಿದವಳಲ್ಲ. ಆದರೆ ಹಾಗೆ ಕರೆದವರನ್ನು ತಿದ್ದಲೂ ಹೋಗಲಿಲ್ಲ. ಈ ಒಂದು ವಿಷಯ ಬಿಟ್ಟು ಉಳಿದೆಲ್ಲದರಲ್ಲೂ ಜನರನ್ನು ತಿದ್ದುತ್ತಿದ್ದೆ. ಇಲ್ಲಿನವರ ಮಾತನ್ನು ಈ ಬರಹದಲ್ಲಿ ನನ್ನ ತವರಿನ ಆಡುಮಾತಿನಲ್ಲೇ ಬರೆಯುತ್ತೇನೆ. ಬೇರೆ ದಾರಿ ನನಗೆ ಗೊತ್ತಿಲ್ಲ.

ಇನ್ನೊಂದು ಪದ್ಧತಿ ಹೇಳಬೇಕು. ಇಲ್ಲಿ ಎಲ್ಲರ ಸೊಂಟದಲ್ಲೂ ಎರಡು ದಾರ ಇಳಿಬಿದ್ದಿರುತ್ತವೆ, ಕೆರೆಗಾಳಿಗೆ ನೀಲಿ, ಗುಡ್ಡದ ಗಾಳಿಗೆ ಕೆಂಪು. ಮಾತಿನ ನಡುವೆ ಗಾಳಿ ಬಿದ್ದುಹೋದರೆ, ಕೇಳುತ್ತಿದ್ದವರು ಆ ಗಾಳಿಯ ದಾರಕ್ಕೆ ಒಂದು ಗಂಟು ಹಾಕುತ್ತಾರೆ. ನಿನ್ನ ಮಾತು ಇನ್ನೂ ಮುಗಿದಿಲ್ಲ, ಉಳಿದದ್ದನ್ನು ಕೇಳುತ್ತೇನೆ ಎಂದು ಅರ್ಥ. ಗಂಟು ಹಾಕಬೇಕಾದವರು ಕೇಳುವವರು, ಹೇಳುವವರಲ್ಲ. ಗಂಟು ಬೀಳದಿದ್ದರೆ ಆ ಮಾತು ಅಲ್ಲಿಗೆ ಮುಗಿಯಿತು. ರೊಟ್ಟಿ ಒಲೆಯ ಸಾಬ್ರಿಗೆ ಅವನ ಹೇಸರಗತ್ತೆಯ ಕಥೆ ಮುಗಿಸಲು ಮೂರು ವರ್ಷ ಹಿಡಿಯಿತು. ನನ್ನ ನೀಲಿ ದಾರದಲ್ಲಿ ಆ ಕಥೆಗೆಂದೇ ಒಂಬತ್ತು ಗಂಟು ಬಿದ್ದಿದ್ದವು. ಕೊನೆಗೆ ಹೇಸರಗತ್ತೆ ಮನೆಗೆ ಬಂದಿತಂತೆ, ಅಷ್ಟೇ. ಆದರೂ ಒಂದೊಂದು ಗಂಟು ಬಿಚ್ಚುವಾಗಲೂ ಅವನು ಎಳ್ಳು ಮೆತ್ತಿದ ಬಳೆರೊಟ್ಟಿಯೊಂದನ್ನು ಕೈಗಿಡುತ್ತಿದ್ದ, ಕೇಳಿದ್ದಕ್ಕೆ.

ಪಾನ್ಯಾ ನನ್ನ ಪಕ್ಕದ ಮನೆಯವಳು. ಇಲ್ಲಿ ಮಗು ಹುಟ್ಟುವಾಗ ಯಾವ ಗಾಳಿ ಇರುತ್ತದೋ ಆ ಭಾಷೆಯ ಹೆಸರಿಡುತ್ತಾರೆ. ಅವಳು ಹುಟ್ಟಿದ್ದು ಗುಡ್ಡದ ಗಾಳಿಯಲ್ಲಿ. ಹೆಸರಿಗೆ ಬೆಳ್ಳಿ ಹೂವು ಎಂದು ಅರ್ಥ. ನನಗಿಂತ ಏಳು ವರ್ಷ ಚಿಕ್ಕವಳು. ಗುಡ್ಡದ ಗಾಳಿಯಲ್ಲಿ ನನಗೆ ಅಕ್ಕ ಎನ್ನುತ್ತಾಳೆ. ಬಿದಿರ ಬುಟ್ಟಿಯಲ್ಲಿ ಅಂಟಕ್ಕಿಯ ಅನ್ನ ತಂದು ಬೇಲಿಯ ಮೇಲಿಂದ ಕೊಡುತ್ತಾಳೆ. ನನ್ನ ಗಂಡ ಹೋದ ಮೇಲೆ ಎರಡು ತಿಂಗಳು ಅವಳು ದಿನಾ ಬೆಳಿಗ್ಗೆ ಬಂದು, ಏನೂ ಹೇಳದೆ, ತಗಡಿನ ಕೋಳಿಯ ಕೀಲಿಗೆ ಎಣ್ಣೆ ಬಿಟ್ಟು ಹೋಗುತ್ತಿದ್ದಳು. ಅದು ಕಿರುಗುಟ್ಟಿದರೆ ನಾನು ಅಳುತ್ತೇನೆಂದು ಅವಳಿಗೆ ಹೇಗೆ ಗೊತ್ತಾಯಿತೋ, ನಾನು ಯಾರಿಗೂ ಹೇಳಿರಲಿಲ್ಲ.

ಇಂಥವಳು ಕೆರೆಗಾಳಿ ಬೀಸಿದರೆ ನನ್ನೊಂದಿಗೆ ಮಾತಾಡುತ್ತಿರಲಿಲ್ಲ. ಹನ್ನೊಂದು ವರ್ಷ.

ಆಗಿದ್ದು ಇಷ್ಟು. ಅವಳ ತಾಯಿ ತೀರಿಕೊಂಡ ನಲವತ್ತನೆಯ ದಿನ ಊಟಕ್ಕೆ ಊರು ಸೇರಿತ್ತು. ಕೆರೆಗಾಳಿ ಇತ್ತು. ಮುದುಕಿಯ ಪ್ರಾಣ ಹೋದದ್ದೂ ಅದೇ ಗಾಳಿಯಲ್ಲಿ. ಪಾನ್ಯಾ ಎದ್ದು ನಿಂತು, ಅಮ್ಮ ಕೊನೆಗೆ ಏನು ಹೇಳಿದಳು ಎಂದು ಹೇಳಲು ಶುರುಮಾಡಿದಳು. ಅವಳ ತುರ್ಕಿ ಸ್ವಲ್ಪ ಒರಟು. ನನ್ನದು ನಯ. ಹಾಗೆಂದು ನಾನು ಆಗ ನಂಬಿದ್ದೆ; ತುರ್ಕಿಯಲ್ಲಿ ನಮ್ಮ ಕನ್ನಡದ ಹಾಗೇ ಪದದ ಹಿಂದೆ ಪ್ರತ್ಯಯ ಅಂಟಿ ಬಾಲ ಬೆಳೆಯುತ್ತದೆ, ಕ್ರಿಯಾಪದ ಕೊನೆಗೆ ಬಂದು ಕೂರುತ್ತದೆ, ಹಾಗಾಗಿ ತವರಿಗೆ ಹೋದಷ್ಟು ಸಲೀಸಾಗಿ ನಾನು ಅದರೊಳಗೆ ಓಡಾಡುತ್ತಿದ್ದೆ. ಅವಳು ಮೂರನೆಯ ವಾಕ್ಯದಲ್ಲಿ ಒಂದು ಪದಕ್ಕೆ ಬೇರೆ ಬಾಲ ಹಚ್ಚಿದಳು. ನಾನು ಕುಳಿತಲ್ಲಿಂದಲೇ, ಮೂರು ಸಾಲಿಗೆ ಕೇಳುವಷ್ಟು ಜೋರಾಗಿ, ಸರಿಯಾದ ಬಾಲವನ್ನು ಹೇಳಿದೆ. ಯಾರೋ ನಕ್ಕರು. ಪಾನ್ಯಾ ನಿಂತಳು. ಆ ಪದವನ್ನು ಇನ್ನೊಮ್ಮೆ ಹೇಳಲಿಲ್ಲ, ಮುಂದಿನದನ್ನೂ ಹೇಳಲಿಲ್ಲ. ನಾನು ಗಾಬರಿಯಾಗಿ, "ಹಾಗಲ್ಲ ಪಾನ್ಯಾ, ನಾನು ಹೇಳಿದ್ದು ಏನಂದ್ರೆ" ಎಂದು ವಿವರಿಸಲು ಬಾಯಿ ತೆರೆಯುವುದಕ್ಕೂ ಗಾಳಿ ಬಿದ್ದುಹೋಗುವುದಕ್ಕೂ ಸರಿಹೋಯಿತು. ಅವಳು ತನ್ನ ನೀಲಿ ದಾರವನ್ನು ನೋಡಿದಳು. ಗಂಟು ಹಾಕಲಿಲ್ಲ. ಒಳಗೆ ಹೋಗಿ ಪಾತ್ರೆ ತೊಳೆಯತೊಡಗಿದಳು.

ಅಂದಿನಿಂದ ಹನ್ನೊಂದು ವರ್ಷ ನಾನು ಅವಳ ದಾರವನ್ನು ನೋಡುತ್ತಲೇ ಇದ್ದೆ. ಒಂದು ಗಂಟು ಹಾಕಿದ್ದರೆ ನಾನು ಎಷ್ಟು ಚೆಂದವಾಗಿ ವಿವರಿಸುತ್ತಿದ್ದೆ. ವಿವರಣೆಯನ್ನು ಮನಸ್ಸಿನಲ್ಲೇ ಎಷ್ಟೋ ಸಲ ತಿದ್ದಿ ತೀಡಿ ಇಟ್ಟುಕೊಂಡಿದ್ದೆ. ಅದರಲ್ಲಿ ಒಂದು ಬಾಲವೂ ತಪ್ಪಿರಲಿಲ್ಲ.

ಈ ವರ್ಷ ಊರಿನ ಸಮಿತಿಯವರಿಗೆ ಒಂದು ಯೋಚನೆ ಬಂತು. ಮಕ್ಕಳ ಪರೀಕ್ಷೆ ಅರ್ಧದಲ್ಲಿ ಗಾಳಿ ತಿರುಗಿ ಕೆಡುತ್ತದೆ, ತಕರಾರುಗಳ ವಿಚಾರಣೆ ವರ್ಷಗಟ್ಟಲೆ ಎಳೆಯುತ್ತದೆ. ಆದ್ದರಿಂದ ಗಾಳಿ ಬರುವ ಎರಡು ಕಂಡಿಗಳಲ್ಲಿ ಒಂದಕ್ಕೆ ಕಲ್ಲು ತುಂಬಿ ಮುಚ್ಚಿಬಿಡೋಣ ಎಂದು. ಕೆರೆಯ ಕಡೆ ಎರಡು ಬಂಡೆಗಳ ನಡುವೆ ಒಂದು ಕಂಡಿ, ಗುಡ್ಡದ ಕಡೆ ಒಂದು. ಅಧ್ಯಕ್ಷ ಹಿಕ್ಮೆತ್ ಸಂಭಾವಿತ ಮನುಷ್ಯ. ಕಲ್ಲನ್ನು ಎರಡು ಕಂಡಿಗೂ ಸಮದೂರದಲ್ಲಿ, ಮೈದಾನದ ನಡುವೆ ರಾಶಿ ಹಾಕಿಸಿದ್ದ, ಪಕ್ಷಪಾತ ಅನ್ನಿಸಬಾರದೆಂದು. ಆಮೇಲೆ ನನ್ನ ಮನೆಗೆ ಬಂದ.

"ಎರಡು ಭಾಷೆನೂ ತೂಗಿ ನೋಡೋರು ಬೇಕು ಮೇಷ್ಟ್ರಮ್ಮ. ನಮಗೆ ಒಂದು ಬಂದ್ರೆ ಇನ್ನೊಂದಿರಲ್ಲ. ನಿಮಗೆ ಮೂರನೇದು ಒಂದಿದೆಯಲ್ಲ, ಅದರಲ್ಲಿ ನಿಂತು ಎರಡನ್ನೂ ನೋಡಬಹುದು."

"ನಾನೇನು ಪಂಡಿತಳೇ ಹಿಕ್ಮೆತ್" ಎಂದೆ. ಬೇಡವೆನ್ನುವ ಧಾಟಿಯಲ್ಲಿ ಹೇಳಿದೆನಾದರೂ ಅವನು ಗೇಟು ದಾಟುವ ಮೊದಲೇ ನೋಟುಬುಕ್ಕಿಗೆ ರಟ್ಟು ಹಾಕುತ್ತಿದ್ದೆ.

ಊರಿನ ನಿಯಮದಂತೆ ಯಾವ ವರದಿಯನ್ನೂ ಎರಡು ಬಾರಿ ಓದಬೇಕು, ಒಂದೊಂದು ಗಾಳಿಯಲ್ಲಿ ಒಂದೊಂದು ಸಲ. ಎರಡೂ ಓದು ಪೂರ್ತಿಯಾಗುವ ತನಕ ಯಾವ ತೀರ್ಮಾನವೂ ಇಲ್ಲ. ನಾನು ನೀಲಿ ರಟ್ಟಿನದೊಂದು, ಕೆಂಪು ರಟ್ಟಿನದೊಂದು ನೋಟುಬುಕ್ಕು ಮಾಡಿಕೊಂಡು ಊರೂರು ತಿರುಗುವವಳಂತೆ ಎರಡು ಬೀದಿ ತಿರುಗಿದೆ. ಕೆರೆಗಾಳಿಯಲ್ಲಿ ಸಾಬ್ರಿಯ ಒಲೆಯ ಮುಂದೆ ಕೂತೆ. ಕೆಲಸ ಮಾಡುತ್ತಿರುವವರನ್ನು ಕಂಡರೆ, ಸುಲಭವಾಗಲಿ ಎಂದು ಹೇಳದೆ ಯಾರೂ ದಾಟಿಹೋಗುವುದಿಲ್ಲ. ಊಟ ಮಾಡಿದವರು ಅಡುಗೆ ಮಾಡಿದವಳ ಕೈಗೆ ಆರೋಗ್ಯ ಕೋರುತ್ತಾರೆ. ಸ್ನಾನ ಮಾಡಿ ಬಂದವನಿಗೂ ಒಂದು ಹಾರೈಕೆ ಇದೆ. ಕಣ್ಣಾರೆ ಕಂಡ ಸಂಗತಿಗೆ ಒಂದು ಬಾಲ, ಕೇಳಿ ತಿಳಿದದ್ದಕ್ಕೆ ಬೇರೆ ಬಾಲ, ನಮ್ಮ ಬಂದನಂತೆ, ಹೋದನಂತೆ ಇದ್ದ ಹಾಗೆ. ಗುಡ್ಡದ ಗಾಳಿಯಲ್ಲಿ ಪಾನ್ಯಾಳ ಜಗಲಿಯಲ್ಲಿ ಕೂತೆ. ಹ್ಮಾಂಗಿನಲ್ಲಿ ಬಾಲವೇ ಇಲ್ಲ. ಪದಗಳೆಲ್ಲ ಪುಟ್ಟವು, ಒಂದೊಂದೂ ತನ್ನ ಕಾಲ ಮೇಲೆ ತಾನು ನಿಂತಿರುತ್ತದೆ. ಏಳೆಂಟು ಸ್ವರ, ದನಿ ಏರಿದರೆ ಒಂದು ಪದ, ಇಳಿದರೆ ಬೇರೆಯದೇ ಪದ. ದುಂಡಗಿನ ವಸ್ತುವನ್ನು ಎಣಿಸುವುದು ಒಂದು ರೀತಿ, ಚಪ್ಪಟೆಯದನ್ನು ಇನ್ನೊಂದು ರೀತಿ, ಜೀವ ಇರುವುದನ್ನು ಮತ್ತೊಂದು. ಸಾವಿನ ಮನೆಯಲ್ಲಿ ಬಿದಿರಿನ ಕೊಳವೆಗಳ ವಾದ್ಯ ನುಡಿಸಿದರೆ, ಆ ಏರಿಳಿತದಲ್ಲೇ ಸತ್ತವರಿಗೆ ದಾರಿ ಹೇಳುತ್ತಾರೆ. ನನ್ನ ಕೊರಳು ಹಾಡಿಗೆ ಒಲಿದದ್ದಲ್ಲ. ಹ್ಮಾಂಗಿನಲ್ಲಿ ನಾನು ಮಾತಾಡಿದರೆ ಬೀದಿಯ ನಾಯಿಗಳು ಕಿವಿ ನಿಮಿರಿಸುತ್ತವೆ. ಪಾನ್ಯಾ ಮಾತ್ರ ಒಂದು ದಿನವೂ ನಕ್ಕಿದ್ದಿಲ್ಲ. ನಾನು ತಪ್ಪು ಹೇಳಿದ ಪದವನ್ನು ತನ್ನ ಮುಂದಿನ ಮಾತಿನಲ್ಲಿ ಸರಿಯಾಗಿ ಒಂದು ಸಲ ಬಳಸಿಬಿಡುತ್ತಾಳೆ, ತಿದ್ದಿದ್ದೆಂದು ಗೊತ್ತಾಗದ ಹಾಗೆ.

ತೊಂದರೆ ಏನೆಂದರೆ, ಗಾಳಿ ತಿರುಗಿದೊಡನೆ ಬರೆದ ಉದಾಹರಣೆಗಳೆಲ್ಲ ಕೋಳಿ ಕೆದರಿದ ಗೀಟುಗಳಾಗಿಬಿಡುತ್ತಿದ್ದವು. ಅಂಚಿನಲ್ಲಿ ಕನ್ನಡದಲ್ಲಿ ಬರೆದ ಷರಾ ಮಾತ್ರ ಓದಲು ಬರುತ್ತಿತ್ತು. ಅದೇನೂ ತೊಂದರೆಯಲ್ಲ, ನನ್ನ ಷರಾಗಳು ಸಾಕಷ್ಟು ಸ್ಪಷ್ಟವಾಗಿರುತ್ತವೆ ಎಂದು ನನಗೆ ಧೈರ್ಯವಿತ್ತು.

ಗುಡ್ಡದ ಗಾಳಿಯ ಓದು ಮೊದಲು ಆಯಿತು. ಮೈದಾನದಲ್ಲಿ ಕಲ್ಲಿನ ರಾಶಿಯ ಪಕ್ಕ ಚಾಪೆ ಹಾಸಿದ್ದರು. ಹ್ಮಾಂಗ್ ಭಾಷೆಯ ಇಂಪು, ಅದರ ಎಣಿಕೆಯ ಸೂಕ್ಷ್ಮ, ಎಲ್ಲ ವರ್ಣಿಸಿ, ಕೊನೆಗೆ ಇದನ್ನು ಉಳಿಸಿಕೊಳ್ಳುವುದೇ ಮೇಲು ಎಂದು ಓದಿದೆ. ಎಂದರೆ, ಮುಚ್ಚಬೇಕಾದದ್ದು ಕೆರೆಯ ಕಂಡಿ. ಆಗ ಯಾರಾದರೂ ಕೇಳಿದ್ದರೆ, ಇದರಲ್ಲಿ ನನ್ನ ಸ್ವಾರ್ಥ ಏನೂ ಇಲ್ಲವೆಂದು ಆಣೆ ಮಾಡುತ್ತಿದ್ದೆ. ಕೆರೆಗಾಳಿ ಹೋದರೆ ಆ ಗಾಳಿಯ ಹನ್ನೊಂದು ವರ್ಷದ ಮೌನವೂ ಹೋಗುತ್ತದೆ, ಪಾನ್ಯಾ ವರ್ಷಪೂರ್ತಿ ನನಗೆ ಅಕ್ಕ ಎನ್ನುತ್ತಾಳೆ, ಬಾಕಿ ಉಳಿದ ನನ್ನ ವಿವರಣೆ ಕಲ್ಲಿನ ಹಿಂದೆ ಸೇರಿಕೊಳ್ಳುತ್ತದೆ ಎಂಬುದೆಲ್ಲ ನನ್ನ ಗಮನಕ್ಕೇ ಬಂದಿರಲಿಲ್ಲ ಎಂದು ಹೇಳಿದರೆ ಓದುವ ನೀವೂ ನಂಬಲಾರಿರಿ.

ಮಾರನೆಯ ದಿನ ಬೆಳಿಗ್ಗೆ ಇನ್ನೂ ಗುಡ್ಡದ ಗಾಳಿಯೇ ಇತ್ತು. ಪಾನ್ಯಾ ಬೇಲಿಯ ಬಳಿ ಅನ್ನದ ಬುಟ್ಟಿ ಹಿಡಿದು ನಿಂತಿದ್ದಳು.

"ಚೆನ್ನಾಗಿ ಓದಿದ್ರಿ ಅಕ್ಕ. ನಮ್ಮ ಭಾಷೆಗೆ ಇಷ್ಟೆಲ್ಲ ಇದೆ ಅಂತ ನಂಗೇ ಗೊತ್ತಿರ್ಲಿಲ್ಲ."

"ನೀನು ಹೇಳಿದ್ದನ್ನೇ ಓದಿದ್ದು."

"ಹಾಗಾದ್ರೆ ಕೆರೆ ಕಂಡಿ ಮುಚ್ಚೋದು ಗಟ್ಟಿನಾ?"

"ಯಾಕೆ, ನಿನಗೆ ಬೇಜಾರಾ? ನೀನು ಗುಡ್ಡದ ಗಾಳೀಲಿ ಹುಟ್ಟಿದವಳಲ್ವಾ?"

ಅವಳು ಬುಟ್ಟಿಯ ಮುಚ್ಚಳವನ್ನು ಬಿಗಿಮಾಡಿದಳು. ಅದು ಬಿಗಿಯಾಗಿಯೇ ಇತ್ತು.

"ಹುಟ್ಟಿದ್ದು ಹೌದು. ಅಮ್ಮ ಹೋಗಿದ್ದು ಆ ಗಾಳೀಲಿ. ಕೊನೇಗೆ ಏನು ಹೇಳಿದ್ಲು ಅನ್ನೋದು ಈಗಲೂ ನೆನಪಿದೆ. ಹೇಗೆ ಹೇಳಿದ್ಲು ಅನ್ನೋದು ಆ ಗಾಳಿ ಬಂದಾಗ ಮಾತ್ರ ಬರುತ್ತೆ. ಕೆರೆಗಾಳಿ ಎದ್ದ ತಕ್ಷಣ ಒಳಗೆ ಹೋಗಿ ಕಿಟಕಿ ಹಾಕ್ಕೊಂಡು ಒಂದ್ಸಲ ಹೇಳ್ಕೋತೀನಿ. ಅವಳ ದನಿ ಬಂದ ಹಾಗೆ ಆಗುತ್ತೆ." ಬುಟ್ಟಿಯನ್ನು ನನ್ನ ಕೈಗೆ ಕೊಟ್ಟಳು. "ಬಿಸಿ ಇದೆ, ಕೆಳಗೆ ಹಿಡ್ಕೊಳ್ಳಿ. ಹೋಗ್ಲಿ ಬಿಡಿ. ಪರೀಕ್ಷೆ ಬರೆಯೋ ಮಕ್ಕಳಿಗೂ ಕಷ್ಟನೇ."

ಹನ್ನೊಂದು ವರ್ಷ ಕೆರೆಗಾಳಿ ಎದ್ದಾಗಲೆಲ್ಲ ಪಕ್ಕದ ಮನೆಯ ಕಿಟಕಿ ಮುಚ್ಚಿಕೊಳ್ಳುವುದನ್ನು ನಾನು ನೋಡಿದ್ದೆ. ಅದು ನನ್ನ ಮುಖಕ್ಕೆ ಮುಚ್ಚಿದ್ದೆಂದೇ ತಿಳಿದಿದ್ದೆ. ಜಗತ್ತಿನ ಕಿಟಕಿಗಳೆಲ್ಲ ನನ್ನ ಸಲುವಾಗಿಯೇ ತೆರೆದು ಮುಚ್ಚುತ್ತವೆ ಎಂದುಕೊಳ್ಳಲು ಬಿ.ಎ. ಬೇಕಾಗಿಲ್ಲ, ಆದರೆ ಇದ್ದರೆ ಅನುಕೂಲ.

ಮಧ್ಯಾಹ್ನ ಗಾಳಿ ನಿಂತಿತು. ತಗಡಿನ ಕೋಳಿ ಯಾವ ಕಡೆಗೂ ನೋಡದೆ ನಿಂತಿತು. ಕೆರೆಗಾಳಿ ಎದ್ದೊಡನೆ ಎರಡನೆಯ ಓದು. ಹಿಕ್ಮೆತ್ ತಮಟೆ ಬಾರಿಸಿ ಜನರನ್ನು ಕರೆಯುತ್ತಾನೆ. ಊರಿಗೆ ಊರೇ ಮಾತಿಲ್ಲದೆ ಅಕ್ಕಿ ಆರಿಸುತ್ತಿದ್ದ ಆ ಹೊತ್ತಿನಲ್ಲಿ ನಾನು ಎರಡೂ ನೋಟುಬುಕ್ಕುಗಳನ್ನು ಮೊದಲ ಬಾರಿಗೆ ಅಕ್ಕಪಕ್ಕ ತೆರೆದಿಟ್ಟೆ. ಎರಡು ಪುಟದಲ್ಲೂ ಕೋಳಿ ಕೆದರಿದ ಗೀಟುಗಳೇ. ನನ್ನ ಕನ್ನಡ ಷರಾ ಮಾತ್ರ ಎದ್ದು ಕಾಣುತ್ತಿತ್ತು.

ನೀಲಿ ಪುಸ್ತಕದಲ್ಲಿ: ಮುದ್ದಿನ ಮಗುವನ್ನು ನನ್ನ ಯಕೃತ್ತೇ, ಅಂದರೆ ಲಿವರೇ, ಎಂದು ಕರೆಯುತ್ತಾರೆ. ಎಂಥ ಅಂತಃಕರಣ. ಇಂಥದ್ದು ಆ ಭಾಷೆಯಲ್ಲಿ ಇರಲಾರದು. ಕೆಂಪು ಪುಸ್ತಕದಲ್ಲಿ: ದುಃಖ, ಸಂತೋಷ, ತಾಳ್ಮೆ ಎಲ್ಲಕ್ಕೂ ಲಿವರೇ ಮನೆ. ಎಂಥ ಅಂತಃಕರಣ. ಇಂಥದ್ದು ಆ ಭಾಷೆಯಲ್ಲಿ ಖಂಡಿತ ಇರಲಾರದು. ನೀಲಿಯಲ್ಲಿ: ತಾಯಿಯ ಕಡೆಯ ಬಂಧುಗಳಿಗೂ ತಂದೆಯ ಕಡೆಯವರಿಗೂ ಬೇರೆ ಬೇರೆ ಹೆಸರು, ನಮ್ಮ ಸೋದರಮಾವ, ಚಿಕ್ಕಪ್ಪ ಇದ್ದ ಹಾಗೆ, ಅಲ್ಲಿ ಈ ಸೂಕ್ಷ್ಮ ಇಲ್ಲ. ಕೆಂಪಿನಲ್ಲಿ ಅಕ್ಷರ ಬಿಡದೆ ಅದೇ, ಜೊತೆಗೆ ಎರಡು ಅಡಿಗೆರೆ. ಪುಟ ಮಗುಚಿದಷ್ಟೂ ನಾನೇ. ಎರಡು ಭಾಷೆಗಳನ್ನು ಹೋಲಿಸಲು ಹೊರಟವಳು ಎರಡು ಬಾರಿ ನನ್ನ ಮೆಚ್ಚುಗೆಯನ್ನು ಮಾತ್ರ ಬರೆದಿಟ್ಟಿದ್ದೆ. ಯಾರೂ ಇಲ್ಲದ ಮನೆಯಲ್ಲಿ ನಾಚಿಕೆಯಿಂದ ಕನ್ನಡಕ ತೆಗೆದು ಒರೆಸಿದೆ.

ಒಂದೇ ಒಂದು ವ್ಯತ್ಯಾಸ ಕಂಡಿತು. ಯಾರು ಹೇಳಿದ್ದು ಎಂದು ಒಂದೊಂದು ಉದಾಹರಣೆಯ ಪಕ್ಕ ಬರೆದಿದ್ದೆ. ಕೆಂಪು ಪುಸ್ತಕದಲ್ಲಿ ಪುಟಪುಟಕ್ಕೂ ಪಾನ್ಯಾ, ಪಾನ್ಯಾ, ಪಾನ್ಯಾ. ನೀಲಿ ಪುಸ್ತಕದಲ್ಲಿ ಸಾಬ್ರಿ ಇದ್ದ, ಹಿಕ್ಮೆತ್ ಇದ್ದ, ನೀರಿನ ಟ್ಯಾಂಕಿನವನೂ ಇದ್ದ. ಪಾನ್ಯಾ ಒಂದು ಕಡೆಯೂ ಇರಲಿಲ್ಲ. ಗುಡ್ಡದ ಭಾಷೆ ಹೆಚ್ಚು ಆಪ್ತ ಎಂದು ಊರಿನ ಮುಂದೆ ಓದಿದೆನಲ್ಲ, ಅದು ಭಾಷೆಯ ಗುಣವಾಗಿರಲಿಲ್ಲ. ಒಬ್ಬಳು ನನ್ನೊಂದಿಗೆ ಮಾತಾಡುವ ಭಾಷೆ ಅದು, ಮಾತಾಡದ ಭಾಷೆ ಇದು. ನಾನು ತೂಗಿದ್ದು ಅಷ್ಟನ್ನೇ.

ಸುಮ್ಮನೆ ಕೂತು ಸೊಂಟದ ನೀಲಿ ದಾರವನ್ನು ಬೆರಳಲ್ಲಿ ಆಡಿಸುತ್ತಿದ್ದೆ. ಸಾಬ್ರಿಯ ಗಂಟು ಬಿಚ್ಚಿದ ಜಾಗದಲ್ಲಿ ದಾರ ಇನ್ನೂ ಸುರುಟಿಕೊಂಡಿತ್ತು. ಗಂಟು ಒಮ್ಮೆ ಬಿದ್ದರೆ ಬಿಚ್ಚಿದ ಮೇಲೂ ಅದರ ಗುರುತು ಹೋಗುವುದಿಲ್ಲ. ಬುಡದಿಂದ ತುದಿಯವರೆಗೆ ಬೆರಳು ಎಳೆದೆ, ಮತ್ತೆ ಎಳೆದೆ. ಆ ನಲವತ್ತನೆಯ ದಿನದ ಗುರುತು ನನ್ನ ದಾರದಲ್ಲಿ ಇರಲಿಲ್ಲ.

ಅವತ್ತು ಮಾತಾಡುತ್ತಿದ್ದವಳು ಪಾನ್ಯಾ. ನಡುವೆ ನಿಂತದ್ದು ಅವಳ ಮಾತು. ಕೇಳುವವಳು ನಾನು. ಗಂಟು ಹಾಕಬೇಕಾಗಿದ್ದದ್ದು ನಾನು. ಅವಳು ತನ್ನ ದಾರ ನೋಡಿಕೊಂಡಳಲ್ಲ, ಅದು ನನ್ನ ವಿವರಣೆಯನ್ನು ಬೇಡವೆನ್ನಲು ಎಂದು ಹನ್ನೊಂದು ವರ್ಷ ಅಂದುಕೊಂಡಿದ್ದೆ. ಎದುರಿಗಿದ್ದವರ ದಾರಗಳನ್ನು ನೋಡಿ ನೋಡಿ, ಒಂದೂ ಗಂಟು ಬೀಳದ್ದನ್ನು ಕಂಡು, ಎಲ್ಲಿ ನೋಡಲೂ ತಿಳಿಯದೆ ತನ್ನದನ್ನೇ ನೋಡಿಕೊಂಡಿರಬೇಕು. ಸತ್ತ ತಾಯಿಯ ಮಾತನ್ನು ಅರ್ಧ ಹೇಳಿದವಳಿಗೆ, ಉಳಿದದ್ದು ಕೇಳುತ್ತೇವೆ ಎಂದು ಊರಿನಲ್ಲಿ ಒಬ್ಬರೂ ಹೇಳಲಿಲ್ಲ. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ನಾನೂ ನನ್ನ ಬಾಯಿಯಲ್ಲೇ ಮುಳುಗಿದ್ದೆ.

ಅಷ್ಟರಲ್ಲಿ ಕಿಟಕಿಯ ಪರದೆ ಅಲ್ಲಾಡಿತು. ತಮಟೆ ಕೇಳಿಸಿತು. ನನ್ನ ಬಾಯಿಗೆ ತುರ್ಕಿ ಬಂತು.

ಮೈದಾನದಲ್ಲಿ ಜನ ತುಂಬಿದ್ದರು. ಪಾನ್ಯಾ ಹಿಂದಿನ ಸಾಲಿನಲ್ಲಿ, ಹೋಗಲು ಸುಲಭವಾಗುವ ಹಾಗೆ, ಚಾಪೆಯ ಅಂಚಿನಲ್ಲಿ ಕೂತಿದ್ದಳು. ಸಾಬ್ರಿ ನನಗೆ ದಾರಿ ಬಿಡುತ್ತಾ, "ಸುಲಭವಾಗ್ಲಿ ಮೇಷ್ಟ್ರಮ್ಮ" ಎಂದ. ಆ ಹಾರೈಕೆ ಅವತ್ತು ಬೇಕಾಗಿತ್ತು. ನಾನು ಕಲ್ಲಿನ ರಾಶಿಯ ಪಕ್ಕ ನಿಂತು ನೀಲಿ ನೋಟುಬುಕ್ಕನ್ನು ತೆರೆದೆ, ಮುಚ್ಚಿದೆ.

"ಈ ವರದಿ ಪೂರ್ತಿಯಾಗಿಲ್ಲ" ಎಂದೆ.

ಹಿಕ್ಮೆತ್ ತಗ್ಗಿದ ದನಿಯಲ್ಲಿ, "ಪರವಾಗಿಲ್ಲ, ಉದ್ದ ಬೇಡ. ಯಾವ ಕಂಡಿ ಮುಚ್ಚೋಣ ಅಂತ ಅಷ್ಟು ಹೇಳಿಬಿಡಿ" ಎಂದ.

"ಅದು ನನಗೆ ಗೊತ್ತಿಲ್ಲ ಹಿಕ್ಮೆತ್. ನಿನ್ನೆ ಓದಿದ್ದೂ ಸರಿಯಿಲ್ಲ."

"ಗೊತ್ತಿಲ್ಲ ಅನ್ನೋಕೆ ಎರಡು ಪುಸ್ತಕ ಬೇಕಾಯ್ತಾ ಮೇಷ್ಟ್ರಮ್ಮ?" ಎಂದು ಮುದುಕರೊಬ್ಬರು ಕೇಳಿದರು. ಜನ ನಕ್ಕರು. ಸರಿಯಾದ ಪ್ರಶ್ನೆಯೇ; ನಾನೂ ನಕ್ಕೆ.

"ಬೇಕಾಯ್ತು. ಅದಕ್ಕೆ ಮುಂಚೆ ಹನ್ನೊಂದು ವರ್ಷನೂ ಬೇಕಾಯ್ತು" ಎಂದೆ. "ಈ ಗಾಳೀಲಿ ಒಬ್ಬರ ಮಾತು ನಾನು ಕೇಳಿಲ್ಲ. ಅವರು ಹೇಳ್ತಿದ್ದರು, ನಾನು ನಡುವೆ ಬಾಯಿ ಹಾಕಿದೆ. ಎಲ್ಲರ ಎದುರಿಗೆ. ತಾಯಿ ಮಾತನ್ನ ಮಗಳು ಹೇಳ್ತಿದ್ದಾಗ ತಿದ್ದಿದೆ. ತಾಯಿ ಹೇಗೆ ಹೇಳಿದ್ಲು ಅಂತ ಮಗಳಿಗೆ ಗೊತ್ತೋ ನನಗೆ ಗೊತ್ತೋ? ಆಮೇಲೆ ಗಾಳಿ ಬಿತ್ತು. ಗಂಟು ಹಾಕೋದು ಮರೆತೆ. ಮರೆತೆ ಅಂತಾನೂ ಇವತ್ತೇ ಗೊತ್ತಾಗಿದ್ದು."

ನಾನು ಸೊಂಟದ ನೀಲಿ ದಾರ ಹಿಡಿದು ಎಲ್ಲರಿಗೂ ಕಾಣುವ ಹಾಗೆ ಒಂದು ಗಂಟು ಹಾಕಿದೆ. ಕಣ್ಣು ಮಂಜು, ಬೆರಳಿಗೆ ವಾತ. ಮೊದಲ ಸಲ ಜಾರಿಹೋಯಿತು, ಎರಡನೆಯ ಸಲ ಕನ್ನಡಕದ ಹಗ್ಗವೂ ಸೇರಿ ಗಂಟು ಬಿದ್ದು, ಕತ್ತು ಬಗ್ಗಿಸಿಕೊಂಡು ಬಿಡಿಸಬೇಕಾಯಿತು. ಗಂಭೀರವಾಗಿ ಮಾಡಬೇಕೆಂದಿದ್ದ ಕೆಲಸ. ಅಂತೂ ಮೂರನೆಯ ಸಲ ಬಿತ್ತು.

ಪಾನ್ಯಾ ಎದ್ದು ನಿಂತಳು. ಹೋಗುತ್ತಾಳೆ ಎಂದುಕೊಂಡೆ. ಹೋಗಲಿಲ್ಲ. ಸೆರಗಿನಂತೆ ಹೊದ್ದಿದ್ದ ವಸ್ತ್ರವನ್ನು ಸರಿಮಾಡಿಕೊಂಡು ಬಾಯಿ ತೆರೆದಳು.

ಆಗ ಗಾಳಿ ಬಿದ್ದುಹೋಯಿತು. ಸಮಿತಿಯ ಬಾವುಟ ಕಂಬಕ್ಕೆ ಅಂಟಿಕೊಂಡಿತು. ಗಾಳಿ ಬರೆದಿಡುವವರೊಂದಿಗೆ ಇಪ್ಪತ್ತಾರು ವರ್ಷ ಸಂಸಾರ ಮಾಡಿ, ಹದಿನಾರು ವರ್ಷ ಅವರ ಕೋಳಿಯನ್ನು ಕಾದು, ಓದಿನ ಹೊತ್ತನ್ನು ಲೆಕ್ಕ ಹಾಕಿ ಕೊಟ್ಟವಳು ನಾನೇ. ಸಂಜೆಯ ತನಕ ಬೀಸುತ್ತದೆ ಎಂದು ಬರೆದು ಕೊಟ್ಟಿದ್ದೆ.

ಮೈದಾನದಲ್ಲಿ ಯಾರಿಗೂ ಮಾತಿಲ್ಲ. ಪಾನ್ಯಾ ತೆರೆದ ಬಾಯಿ ಮುಚ್ಚಿ ನಿಂತಳು, ಹನ್ನೊಂದು ವರ್ಷದ ಹಿಂದೆ ನಿಂತ ಹಾಗೆಯೇ. ಮೊದಲು ಅಲುಗಿದವನು ಸಾಬ್ರಿ. ಅವನು ಹಿಟ್ಟಿನ ಕೈಯನ್ನು ಅಂಗಿಗೆ ಒರೆಸಿಕೊಂಡು ತನ್ನ ನೀಲಿ ದಾರಕ್ಕೆ ಗಂಟು ಹಾಕಿದ. ಅವನ ಪಕ್ಕದವಳು ಹಾಕಿದಳು. ನನ್ನನ್ನು ಗೇಲಿ ಮಾಡಿದ ಮುದುಕರು ಹಾಕಿದರು, ಅವರ ಸೊಸೆ ನೆರವಾದಳು. ಸಾಲಿನಿಂದ ಸಾಲಿಗೆ ತಲೆಗಳು ಸೊಂಟದ ಕಡೆ ಬಾಗಿದವು. ಕೊನೆಗೆ ಹಿಕ್ಮೆತ್ ತಮಟೆಯನ್ನು ನೆಲಕ್ಕಿಟ್ಟು, ಕಲ್ಲಿನ ರಾಶಿಯನ್ನೊಮ್ಮೆ ನೋಡಿ, ತಾನೂ ಹಾಕಿದ. ಓದು ಪೂರ್ತಿಯಾಗುವ ತನಕ ತೀರ್ಮಾನವಿಲ್ಲ ಎಂಬುದು ಅವನಿಗೂ ಗೊತ್ತಿತ್ತು. ಪಾನ್ಯಾ ಎಲ್ಲರ ದಾರಗಳನ್ನೂ ಒಂದೊಂದಾಗಿ ನೋಡಿದಳು. ಆಮೇಲೆ ಚಾಪೆ ಸುತ್ತಿಕೊಂಡು ಮನೆಗೆ ಹೋದಳು.

ಅದಾದ ಮೇಲೆ ಹತ್ತೊಂಬತ್ತು ದಿನ ಗುಡ್ಡದ ಗಾಳಿ ಬಿಡದೆ ಬೀಸಿತು. ಪಾನ್ಯಾ ಎಂದಿನಂತೆ ಬುಟ್ಟಿ ತಂದಳು, ಅಕ್ಕ ಎಂದಳು, ಸೊಪ್ಪಿಗೆ ಹುಳ ಬಿದ್ದದ್ದು ಹೇಳಿದಳು. ಕೆರೆಗಾಳಿಯ ವಿಷಯ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮೈದಾನದ ಕಲ್ಲಿನ ರಾಶಿಯ ಮೇಲೆ ಯಾರೋ ಮೆಣಸಿನಕಾಯಿ ಒಣಹಾಕತೊಡಗಿದ್ದರು. ನಾನು ದಿನಕ್ಕೆರಡು ಬಾರಿ ನೋಡುತ್ತಿದ್ದ ಕೋಳಿಯನ್ನು ಹತ್ತು ಬಾರಿ ನೋಡಿದೆ. ಸ್ನಾನಕ್ಕೆ ಹೋಗುವಾಗಲೂ ದಾರ ಬಿಚ್ಚಿಡದೆ, ಗಂಟು ಒದ್ದೆಯಾಗದಂತೆ ಕೊರಳಿಗೆ ಸುತ್ತಿಕೊಳ್ಳುತ್ತಿದ್ದೆ.

ಇಪ್ಪತ್ತನೆಯ ದಿನ ಬೆಳಿಗ್ಗೆ ಹತ್ತರ ಸುಮಾರಿಗೆ ಕಾಫಿಗೆ ನೀರಿಟ್ಟು ಸಾಬ್ರಿಯ ರೊಟ್ಟಿ ಮುರಿಯುತ್ತಿದ್ದೆ. ಕೋಳಿ ಒಮ್ಮೆ ಕಿರುಗುಟ್ಟಿ ಕೆರೆಯ ಕಡೆ ತಿರುಗಿತು. ಪಕ್ಕದ ಮನೆಯ ಕಿಟಕಿ ಮುಚ್ಚಿಕೊಳ್ಳುವ ಸದ್ದಿಗೆ ಕಾದೆ. ಆ ಸದ್ದು ಬರಲಿಲ್ಲ. ಗೇಟಿನ ಚಿಲಕದ ಸದ್ದು ಬಂತು.

"ಅಕ್ಕ" ಎಂದಳು ಪಾನ್ಯಾ, ತುರ್ಕಿಯಲ್ಲಿ. ಆ ಗಾಳಿಯ ಅಕ್ಕ ಹೇಗಿರುತ್ತದೆಂದು ನಾನು ಮರೆತಿದ್ದೆ. "ಗಂಟು ಇದೆಯಾ, ಬಿಚ್ಚಿಬಿಟ್ರಾ?"

"ಇದೆ" ಎಂದು ತೋರಿಸಿದೆ.

ಅವಳು ಮೆಟ್ಟಿಲ ಮೇಲೆ ಕೂತು, ಕೈಯನ್ನು ಮಡಿಲಲ್ಲಿಟ್ಟುಕೊಂಡು, ಮೊದಲಿನಿಂದ ಶುರುಮಾಡಿದಳು. ಅಮ್ಮ ಅವಳನ್ನು ಹತ್ತಿರ ಕರೆದದ್ದು. ಕರೆದ ಆ ಮಾತನ್ನು ಕನ್ನಡದಲ್ಲಿ ಬರೆಯುವುದಾದರೆ ಕರುಳಿನ ತುಂಡೇ ಎನ್ನಬೇಕು. ದನಿ ಅವಳದಾಗಿರಲಿಲ್ಲ, ಹನ್ನೊಂದು ವರ್ಷದ ಹಿಂದೆ ಬೇಲಿಯಾಚೆಯಿಂದ ಕೇಳುತ್ತಿದ್ದ ಮುದುಕಿಯ ದನಿ. ಮೂರನೆಯ ವಾಕ್ಯಕ್ಕೆ ಬಂದಳು. ಅದೇ ಪದ ಬಂತು, ಅದೇ ಬಾಲದೊಂದಿಗೆ. ಅಲ್ಲಿ ಒಂದು ಗಳಿಗೆ ನಿಂತು ನನ್ನ ಕಡೆ ನೋಡಿದಳು.

ಸುಳ್ಳು ಹೇಳಬಾರದು, ನನ್ನ ನಾಲಿಗೆ ತುರಿಸಿತು. ಕೈಯಲ್ಲಿದ್ದ ಅರ್ಧ ರೊಟ್ಟಿಯನ್ನು ಪೂರ್ತಿ ಬಾಯಿಗೆ ತುಂಬಿಕೊಂಡೆ.

ಪಾನ್ಯಾಳ ತುಟಿಯ ಅಂಚು ಅಲುಗಿತು. ಮುಂದಿನದು ಹೇಳಿದಳು, ಅದರ ಮುಂದಿನದೂ ಹೇಳಿದಳು. ಒಲೆಯ ಮೇಲೆ ನೀರು ಬತ್ತುತ್ತಿದ್ದರೂ ನಾನು ಏಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಗಾಳಿ ಚೆನ್ನಾಗಿ ಬೀಸುತ್ತಿರುವಾಗಲೇ ಅವಳು ಸುಮ್ಮನಾದಳು.

ರೊಟ್ಟಿ ನುಂಗಿ, "ಆಮೇಲೆ?" ಎಂದೆ.

"ಇನ್ನೂ ಇದೆ ಅಕ್ಕ. ಅಮ್ಮ ಮಾತಿನ ಮಲ್ಲಿ, ಸಾಯೋವಾಗ್ಲೂ ಚಿಕ್ಕದಾಗಿ ಮುಗಿಸಲಿಲ್ಲ." ಅವಳು ಎದ್ದು ಒಳಗೆ ಬಂದು ಒಲೆಯ ಉರಿ ತಗ್ಗಿಸಿದಳು. "ಆದ್ರೆ ಒಂದೇ ದಿನಕ್ಕೆ ಪೂರ್ತಿ ಹೇಳಿಬಿಟ್ರೆ, ಊರವರ ಗಂಟೆಲ್ಲ ಬಿಚ್ಚಿಸಿ, ಓದು ಪೂರ್ತಿಯಾಯ್ತು ಅಂತ ಹಿಕ್ಮೆತ್ ನಾಳೆನೇ ಕಲ್ಲು ಹೊರಿಸ್ತಾನೆ. ಸ್ವಲ್ಪ ಸ್ವಲ್ಪ ಹೇಳ್ತೀನಿ. ನಿಮಗೇನೂ ಅವಸರ ಇಲ್ವಲ್ಲ?"

ನನಗೆ ಎಪ್ಪತ್ತೊಂದು ವರ್ಷ. "ಏನೂ ಅವಸರ ಇಲ್ಲ" ಎಂದೆ, ಗಂಟನ್ನು ಇನ್ನೊಂದು ಸಲ ಎಳೆದು ಬಿಗಿಮಾಡಿಕೊಂಡೆ.